ಕೋವಿ ಕೆಳಗಿಡುವ ಕಾಲ ಯಾವುದು?

ವಾಹನ ಓಡಿಸುವುದನ್ನು ಯಾವಾಗ ನಿಲ್ಲಿಸಬೇಕೆಂದು ಕೇಳುವ ಹಿರಿಯರು ಈಚೆಗೆ ಹೆಚ್ಚಾಗಿದ್ದಾರೆ. ಕೋವಿಯ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಕೇಳುವವರು ಬಹಳ ಕಡಿಮೆ. ಕೇಳಿದರೂ ಹಿರಿಯರೇ ಕೇಳುವುದು ಅಪರೂಪ. ಮಗನೋ ಸೊಸೆಯೋ ಮರೆತ ಔಷಧಿ ಚೀಟಿಯ ನೆಪದಲ್ಲಿ ಮತ್ತೆ ಒಳಗೆ ಬಂದು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳುತ್ತಾರೆ: "ಡಾಕ್ಟ್ರೇ, ಅಪ್ಪ ಈ ವರ್ಷವೂ ತೆಂಗಿನಕಾಯಿಗೆ ಗುಂಡು ಹೊಡೆಯೋಕೆ ಹೋಗ್ತಾರಂತೆ. ನಾವು ಹೇಳಿದರೆ ಕೇಳಲ್ಲ, ನೀವೇ ಒಂದು ಮಾತು ಹೇಳಿಬಿಡಿ."

ಒಂದು ಮಾತಿನಲ್ಲಿ ಮುಗಿಯುವ ವಿಷಯ ಇದಲ್ಲ. ಮೊದಲನೆಯದಾಗಿ, ಇಷ್ಟು ವಯಸ್ಸಾದ ಮೇಲೆ ಗುರಿ ಹೊಡೆಯಬಾರದು ಎಂಬ ಗೆರೆಯನ್ನು ವೈದ್ಯಶಾಸ್ತ್ರವಾಗಲಿ ಕ್ರೀಡೆಯ ನಿಯಮವಾಗಲಿ ಎಳೆದಿಲ್ಲ. ಓಟ, ಕುಸ್ತಿ, ಫುಟ್‌ಬಾಲುಗಳಲ್ಲಿ ಮೂವತ್ತೈದಕ್ಕೆ ಮುದುಕರೆನಿಸಿಕೊಂಡರೆ ಗುರಿ ಹೊಡೆಯುವ ಕ್ರೀಡೆಯಲ್ಲಿ ಹಾಗಿಲ್ಲ. ಸ್ವೀಡನ್ನಿನ ಆಸ್ಕರ್ ಸ್ವಾನ್ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ತಂಡದೊಂದಿಗೆ ಬೆಳ್ಳಿ ಪದಕ ಗೆದ್ದಾಗ ಅವರಿಗೆ 72 ವರ್ಷ. ನಮ್ಮ ಬಿಕಾನೇರಿನ ಕರ್ಣಿ ಸಿಂಗ್ 1960ರಿಂದ 1980ರ ನಡುವೆ ಐದು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದರು. ಕೊನೆಯದಕ್ಕೆ ಹೋದಾಗ 56 ದಾಟಿತ್ತು. ಜಾರ್ಜಿಯಾದ ನೀನೊ ಸಾಲುಕ್ವಾಡ್ಜೆ 55ನೇ ವಯಸ್ಸಿನಲ್ಲಿ, 2024ರ ಪ್ಯಾರಿಸ್‌ನಲ್ಲಿ, ತಮ್ಮ ಹತ್ತನೆಯ ಒಲಿಂಪಿಕ್ಸ್ ಆಡಿದರು. ಉತ್ತರ ಪ್ರದೇಶದ ಜೋಹ್ರಿ ಎಂಬ ಹಳ್ಳಿಯ ಚಂದ್ರೊ ತೋಮರ್ ಅವರಂತೂ ಅರವತ್ತು ದಾಟಿದ ಮೇಲೆ ಮೊದಲ ಬಾರಿ ಪಿಸ್ತೂಲು ಹಿಡಿದು, 2021ರಲ್ಲಿ ತೀರಿಕೊಳ್ಳುವವರೆಗೂ 'ಶೂಟರ್ ದಾದಿ' ಎಂದೇ ಹೆಸರಾಗಿದ್ದರು.

ಆದ್ದರಿಂದ ಎಪ್ಪತ್ತು ತುಂಬಿತು, ಕೋವಿ ಕೆಳಗಿಡಿ ಎಂದು ಹೇಳಲು ನನಗೆ ಯಾವ ಆಧಾರವೂ ಇಲ್ಲ. ಹಾಗೆ ಹೇಳುವುದು ಅನ್ಯಾಯವೂ ಹೌದು.

ಎರಡನೆಯದಾಗಿ, ಕೊಡಗಿನಲ್ಲಿ ಕೋವಿ ಬರೀ ಆಟದ ಸಾಮಾನಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸಿದ ನಾಡದು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಬೇಕು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಂತಹ ಮನೆಯಲ್ಲಿ ಅಜ್ಜನಿಗೆ "ಇನ್ನು ಕೋವಿ ಮುಟ್ಟಬೇಡಿ" ಎಂದರೆ ಅದು ಕ್ರಿಕೆಟ್ ಬ್ಯಾಟು ಕಿತ್ತುಕೊಂಡ ಹಾಗಲ್ಲ. ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ತೋಟದವರ ಸ್ಥಿತಿಯೂ ಹೆಚ್ಚು ಕಡಿಮೆ ಹೀಗೆಯೇ. ಬೆಂಗಳೂರು, ಮೈಸೂರುಗಳಲ್ಲಿ ನಿವೃತ್ತಿಯ ನಂತರ ಏರ್ ರೈಫಲ್ ಕಲಿತು ಹಿರಿಯರ ವಿಭಾಗದಲ್ಲಿ ಸ್ಪರ್ಧಿಸುವವರೂ ಇದ್ದಾರೆ. ಈ ಲೇಖನ ಇವರೆಲ್ಲರಿಗಾಗಿ.

ಗುರಿ ತಪ್ಪುವುದು, ನಿಯಮ ತಪ್ಪುವುದು

ನಿಮ್ಮ ಅಂಕಗಳು ಕಡಿಮೆಯಾಗುತ್ತಿವೆ ಎಂದುಕೊಳ್ಳಿ. ಮೊದಲು ಹತ್ತಕ್ಕೆ ಎಂಟು ಕಾಯಿ ಬೀಳಿಸುತ್ತಿದ್ದವರು ಈಗ ಮೂರು ಬೀಳಿಸುತ್ತೀರಿ. ಇದು ಬೇಸರದ ಸಂಗತಿ, ಆದರೆ ಅಪಾಯದ ಸಂಗತಿಯಲ್ಲ. ಗುಂಡು ಕಾಯಿಗೆ ತಾಗದಿದ್ದರೂ ಹೋಗಬೇಕಾದ ದಿಕ್ಕಿನಲ್ಲೇ ಹೋಯಿತಲ್ಲ! ಆಟ ಬೇಡವೆನಿಸಿದರೆ ಬಿಡಿ, ಬೇಕೆನಿಸಿದರೆ ಆಡಿ. ಅದಕ್ಕೆ ವೈದ್ಯರ ಅಪ್ಪಣೆ ಬೇಕಾಗಿಲ್ಲ.

ನಾನು ಕಿವಿ ನಿಮಿರಿಸುವುದು ಬೇರೆ ಮಾತುಗಳಿಗೆ. ಕೋವಿಯಲ್ಲಿ ತೋಟಾ ಇದೆಯೋ ಇಲ್ಲವೋ ಎಂದು ನೆನಪಾಗದೆ ಹೋದದ್ದು, ಅದೂ ಒಂದಕ್ಕಿಂತ ಹೆಚ್ಚು ಸಲ. ಮಾತನಾಡುತ್ತ ಹಿಂದಿರುಗಿದಾಗ ಕೋವಿಯ ಬಾಯಿಯೂ ಜನರ ಕಡೆ ತಿರುಗಿದ್ದು. ಬಯಸುವ ಮೊದಲೇ ಗುಂಡು ಹಾರಿದ್ದು. 'ನಿಲ್ಲಿಸಿ' ಎಂದು ಕೂಗಿದ ಮೇಲೂ ಇನ್ನೊಂದು ಈಡು ಹೊಡೆದದ್ದು. ಶೂಟಿಂಗ್ ರೇಂಜಿನ ಅಧಿಕಾರಿ ಒಂದೇ ತಪ್ಪಿಗೆ ಎರಡನೆಯ ಸಲ ಎಚ್ಚರಿಸಿದ್ದು. ಮನೆಗೆ ಬಂದ ಮೇಲೆ ಬೀಗ ಹಾಕದೆ ಗೋಡೆಗೆ ಒರಗಿಸಿಟ್ಟದ್ದು. ನಲವತ್ತು ವರ್ಷ ಕೋವಿ ಹಿಡಿದವರಿಗೆ ಈ ನಿಯಮಗಳು ಉಸಿರಾಟದಷ್ಟೇ ಸಹಜ. ಅವು ತಪ್ಪತೊಡಗಿದರೆ ಅದನ್ನು ಅಜಾಗರೂಕತೆ ಎಂದು ಬೈದು ಸುಮ್ಮನಾಗಬಾರದು. ಕಣ್ಣು, ಕಿವಿ, ಕೈ, ಮಿದುಳು, ಮನಸ್ಸು, ಇವುಗಳಲ್ಲಿ ಎಲ್ಲೋ ತೊಂದರೆ ಆರಂಭವಾಗಿದೆ ಎಂದು ತಿಳಿಯಬೇಕು. ಆ ತೊಂದರೆ ಯಾವುದು ಎಂದು ಗೊತ್ತಾಗುವವರೆಗೆ ಕೋವಿಗೆ ರಜೆ.

ಕಣ್ಣು

ಎಲ್ಲರೂ ಮೊದಲು ದೂರುವುದು ಕಣ್ಣನ್ನೇ. ಸಮಾಧಾನದ ವಿಷಯವೆಂದರೆ ಅತಿ ಹೆಚ್ಚು ಪರಿಹಾರ ಇರುವುದೂ ಕಣ್ಣಿಗೇ.

ಗುರಿ ಹಿಡಿಯುವಾಗ ಕಣ್ಣಿಗೆ ಮೂರು ಕೆಲಸ: ಕಣ್ಣಿನ ಹತ್ತಿರದ ಗುರಿಗಂಡಿ, ನಳಿಗೆಯ ತುದಿಯ ಪುಟ್ಟ ಮೊನೆ, ದೂರದ ಗುರಿ. ಈ ಮೂರನ್ನೂ ಏಕಕಾಲಕ್ಕೆ ಸ್ಪಷ್ಟವಾಗಿ ನೋಡುವುದು ಯಾವ ವಯಸ್ಸಿನವರಿಗೂ ಸಾಧ್ಯವಿಲ್ಲ. ಅದಕ್ಕೇ ನಳಿಗೆ ತುದಿಯ ಮೊನೆಯ ಮೇಲೆ ದೃಷ್ಟಿ ನಿಲ್ಲಿಸಬೇಕೆಂದು ರೈಫಲ್, ಪಿಸ್ತೂಲು ಕಲಿಸುವವರು ಹೇಳುವುದು. ನಲವತ್ತರ ನಂತರ ಕಣ್ಣಿನ ಮಸೂರ ಗಡುಸಾಗುತ್ತ ಹೋಗಿ ಹತ್ತಿರದ ವಸ್ತು ಮಸುಕಾಗುತ್ತದೆ. ಇದೇ ಚಾಳೀಸು. ಓದುವ ಕನ್ನಡಕ ಹಾಕಿ ಕೋವಿ ಎತ್ತಿದರೆ ಪ್ರಯೋಜನವಿಲ್ಲ, ಏಕೆಂದರೆ ಅದು ಮೂವತ್ತೈದು ನಲವತ್ತು ಸೆಂಟಿಮೀಟರ್ ದೂರಕ್ಕೆ ಮಾಡಿದ್ದು. ಪಿಸ್ತೂಲಿನ ಮೊನೆ ಚಾಚಿದ ತೋಳಿನಷ್ಟು ದೂರದಲ್ಲಿರುತ್ತದೆ, ಉದ್ದ ಕೋವಿಯದು ಹತ್ತಿರ ಹತ್ತಿರ ಒಂದು ಮೀಟರ್. ಬೈಫೋಕಲ್ ಕನ್ನಡಕದವರು ಕೆಳಗಿನ ಗಾಜಿನಿಂದ ನೋಡಲು ಗಲ್ಲ ಮೇಲೆತ್ತುತ್ತಾರೆ. ಕೆನ್ನೆ ಕೋವಿಯ ಮರದಿಂದ ಮೇಲೇಳುತ್ತದೆ, ಗುರಿ ಕೆಡುತ್ತದೆ. ಕಣ್ಣಿನ ವೈದ್ಯರ ಬಳಿ ಹೋಗುವಾಗ ಕಣ್ಣಿನಿಂದ ಕೋವಿಯ ತುದಿಗೆ ಎಷ್ಟು ದೂರ ಎಂದು ದಾರದಲ್ಲಿ ಅಳೆದುಕೊಂಡು ಹೋಗಿ. ಆ ದೂರಕ್ಕೆಂದೇ ಒಂದು ಕನ್ನಡಕ ಮಾಡಿಸಿಕೊಳ್ಳಬಹುದು. ಇಷ್ಟರಿಂದಲೇ ಐದಾರು ವರ್ಷ ಹೆಚ್ಚಿಗೆ ಆಡಿದವರನ್ನು ಬಲ್ಲೆ.

ಸ್ಪರ್ಧೆಯ ರೈಫಲಿನಲ್ಲಿ ಸೂಜಿಗಂಡಿಯಂತಹ ಸಣ್ಣ ರಂಧ್ರದ ಮೂಲಕ ನೋಡುವ ವ್ಯವಸ್ಥೆ ಇರುತ್ತದೆ. ಸಣ್ಣ ರಂಧ್ರದ ಮೂಲಕ ನೋಡಿದಾಗ ಹತ್ತಿರದ್ದು, ದೂರದ್ದು ಎರಡೂ ಸಾಕಷ್ಟು ಸ್ಪಷ್ಟವಾಗುತ್ತವೆ. ಕಾಗದಕ್ಕೆ ಸೂಜಿಯಿಂದ ಚುಚ್ಚಿ, ಕನ್ನಡಕವಿಲ್ಲದೆ ಆ ತೂತಿನಿಂದ ಪತ್ರಿಕೆ ಓದಿ ನೋಡಿ, ಗೊತ್ತಾಗುತ್ತದೆ. ಹತ್ತು ಮೀಟರ್ ಏರ್ ರೈಫಲ್ ಗುರಿಯ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅದಕ್ಕೆ ಅರವತ್ತೈದರವರೂ ಹೊಡೆಯುತ್ತಾರೆಂದರೆ ಈ ರಂಧ್ರದ ಉಪಕಾರವೂ ಅದರಲ್ಲಿ ಸೇರಿದೆ.

ಕಣ್ಣಿನ ಪೊರೆ ಬಂದಾಗ ಅಕ್ಷರ ಕಾಣುವುದಕ್ಕಿಂತ ಮೊದಲು ಕೆಡುವುದು ಬಣ್ಣಗಳ ವ್ಯತ್ಯಾಸ. ಕೈಲ್ ಪೊಳ್ದ್ ಬರುವುದು ಮಳೆ ಪೂರ್ತಿ ಬಿಡದ ದಿನಗಳಲ್ಲಿ. ಮೋಡದ ಬೆಳಕಿನಲ್ಲಿ, ಕಪ್ಪು ಹಸಿರು ಎಲೆಗಳ ನಡುವೆ ಕಂದು ಕಾಯಿ. ಪೊರೆಯ ಕಣ್ಣಿಗೆ ಎರಡೂ ಒಂದೇ. ಬಿಸಿಲು ಎದುರಿಗಿದ್ದರಂತೂ ಎಲ್ಲ ಬೆಳ್ಳಗೆ. ಶಸ್ತ್ರಚಿಕಿತ್ಸೆಯಿಂದ ಇದು ಸರಿಹೋಗುತ್ತದೆ, ಆದರೆ ಅದಕ್ಕೆ ಮುಂಚೆ ನೀವು ಗುರಿಕಾರರೆಂದು ಕಣ್ಣಿನ ವೈದ್ಯರಿಗೆ ಹೇಳಿ. ಒಳಗೆ ಹಾಕುವ ಮಸೂರ ಯಾವ ದೂರಕ್ಕೆ ಹೊಂದಿರಬೇಕೆಂಬುದು ಮೊದಲೇ ನಿಶ್ಚಯವಾಗಬೇಕಾದ ವಿಷಯ. ದೂರಕ್ಕೂ ಹತ್ತಿರಕ್ಕೂ ಆಗುವ ಬಹುದೃಷ್ಟಿ ಮಸೂರ ಹಾಕಿಸಿಕೊಂಡ ಕೆಲವರಿಗೆ ದೀಪದ ಸುತ್ತ ಬಳೆ ಕಾಣುವುದು, ಮಸುಕು ಬೆಳಕಿನಲ್ಲಿ ಸ್ಪಷ್ಟತೆ ತಗ್ಗುವುದು ಉಂಟು. ದುಬಾರಿ ಎಂದ ಮಾತ್ರಕ್ಕೆ ಅದೇ ಉತ್ತಮ ಎಂದಲ್ಲ. ಇನ್ನೊಂದು: ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರು ಅದನ್ನೂ ತಿಳಿಸಬೇಕು, ಪೊರೆ ತೆಗೆಯುವಾಗ ಆ ಔಷಧಿ ಪಾಪೆಯನ್ನು ಸಡಿಲಗೊಳಿಸಿ ತೊಡಕು ಮಾಡುತ್ತದೆ.

ನನಗೆ ಹೆಚ್ಚು ಭಯ ಇರುವುದು ಗ್ಲಾಕೋಮಾದ ಬಗ್ಗೆ. ಇದರಲ್ಲಿ ನಡುದೃಷ್ಟಿ ಕೊನೆಯವರೆಗೂ ಚೆನ್ನಾಗಿರುತ್ತದೆ. ಗೋಡೆಯ ಮೇಲಿನ ಕೊನೆಯ ಸಾಲನ್ನೂ ಓದುತ್ತೀರಿ, ಕಾಯಿಯನ್ನೂ ಬೀಳಿಸುತ್ತೀರಿ. ಆದರೆ ಪಕ್ಕದ ನೋಟ ನಿಧಾನವಾಗಿ ಕುಗ್ಗಿರುತ್ತದೆ. ಎಡಗಡೆಯಿಂದ ಓಡಿಬಂದ ಮೊಮ್ಮಗು ಕಾಣುವುದೇ ಇಲ್ಲ. ನೋವಿಲ್ಲ, ಕೆಂಪಿಲ್ಲ, ಆದ್ದರಿಂದ ರೋಗಿಗೆ ತಿಳಿಯುವುದೂ ಇಲ್ಲ. ಅರವತ್ತು ದಾಟಿದ ಗುರಿಕಾರರು ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ, ನರ, ಪಕ್ಕನೋಟ ಮೂರನ್ನೂ ಪರೀಕ್ಷಿಸಿಕೊಳ್ಳಬೇಕು. ಪಕ್ಕನೋಟ ಗಣನೀಯವಾಗಿ ಕುಗ್ಗಿದೆ ಎಂದರೆ, ಅಕ್ಕಪಕ್ಕ ಜನ ಓಡಾಡುವ ಮೈದಾನದ ಪಂದ್ಯಗಳನ್ನು ಬಿಡುವುದೇ ಸರಿ. ಹಾಗೆಯೇ ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳುಗಳನ್ನು ನೋಡಿ. ನೇರ ಸರಳು ಡೊಂಕಾಗಿ ಕಂಡರೆ, ನಡುವೆ ಕಪ್ಪು ಮಚ್ಚೆ ಕಂಡರೆ ಅಕ್ಷಿಪಟಲದ ತೊಂದರೆ ಇರಬಹುದು. ತಡಮಾಡದೆ ತೋರಿಸಿ.

ಕಿವಿ, ಕೈ, ಭುಜ

ಕೋವಿಯ ಸದ್ದು ಕ್ಷಣಮಾತ್ರದ್ದಾದರೂ ಅದರ ತೀವ್ರತೆ ಸಾಮಾನ್ಯವಾಗಿ 140 ಡೆಸಿಬೆಲ್‌ಗೂ ಹೆಚ್ಚು. ಆ ಮಟ್ಟದಲ್ಲಿ ಒಂದೇ ಈಡು ಒಳಗಿವಿಯ ಕೂದಲಿನಂತಹ ಸೂಕ್ಷ್ಮ ಕೋಶಗಳನ್ನು ಶಾಶ್ವತವಾಗಿ ಕೆಡಿಸಬಲ್ಲದು. ಬಲಭುಜಕ್ಕೆ ಕೋವಿ ಆನಿಸುವವರಲ್ಲಿ ಎಡಗಿವಿ ಹೆಚ್ಚು ಕೆಟ್ಟಿರುತ್ತದೆ, ಏಕೆಂದರೆ ನಳಿಗೆಯ ಬಾಯಿಗೆ ಹತ್ತಿರವಾಗಿರುವುದು ಅದೇ. ಬಲಗಿವಿಗೆ ತಲೆಯೇ ಮರೆ. ಹಳೆಯ ಗುರಿಕಾರರ ಕಿವಿಯಲ್ಲಿ ಸದಾ ಜೀರುಂಡೆಯ ಸದ್ದು ಇರುವುದಕ್ಕೂ ಇದೇ ಕಾರಣ. ಆಗಿಹೋದ ನಷ್ಟವನ್ನು ತುಂಬುವ ಔಷಧಿ ಇಲ್ಲ. ಇನ್ನು ಮುಂದಾದರೂ ಕಿವಿಯೊಳಗೆ ಪ್ಲಗ್, ಮೇಲೆ ಇಯರ್ ಮಫ್ ಎರಡನ್ನೂ ಹಾಕಿಕೊಳ್ಳಿ. ಹತ್ತಿ ತುರುಕಿಕೊಂಡರೆ ಏನೂ ಪ್ರಯೋಜನವಿಲ್ಲ. ಹಿಂದಿನಿಂದ ಸಾಧಾರಣ ದನಿಯಲ್ಲಿ ಹೇಳಿದ ಮಾತು ಮಫ್ ಇಲ್ಲದಿದ್ದಾಗಲೂ ಕೇಳದಷ್ಟು ಕಿವಿ ಮಂದವಾಗಿದ್ದರೆ, 'ನಿಲ್ಲಿಸಿ' ಎಂಬ ಕೂಗು ಮಫ್ ಹಾಕಿಕೊಂಡಾಗ ಹೇಗೆ ಕೇಳೀತು? ಅಂತಹವರು ಪಕ್ಕದಲ್ಲಿ ಭುಜ ಮುಟ್ಟಿ ತಿಳಿಸುವ ಒಬ್ಬರನ್ನು ನಿಲ್ಲಿಸಿಕೊಂಡೇ ಆಡಬೇಕು.

ಕೈ ನಡುಕ ಎಂದೊಡನೆ ಪಾರ್ಕಿನ್ಸನ್ ಎಂದು ಹೆದರಬೇಡಿ. ಲೋಟ ಎತ್ತುವಾಗ, ಸಹಿ ಹಾಕುವಾಗ ನಡುಗುವ ವಂಶಪಾರಂಪರ್ಯದ ನಡುಕ ಹೆಚ್ಚು ಸಾಮಾನ್ಯ. ಪಾರ್ಕಿನ್ಸನ್ ನಡುಕ ಕೈ ತೊಡೆಯ ಮೇಲೆ ಸುಮ್ಮನೆ ಇದ್ದಾಗ, ಹೆಬ್ಬೆರಳು ತೋರುಬೆರಳಿನ ನಡುವೆ ಗುಳಿಗೆ ಉರುಳಿಸಿದ ಹಾಗೆ ಕಾಣುತ್ತದೆ. ಥೈರಾಯ್ಡ್ ಹೆಚ್ಚಾದರೆ, ಆಸ್ತಮಾಕ್ಕೆ ಸಾಲ್ಬುಟಮಾಲ್ ಸೇದಿದರೆ, ನಾಲ್ಕು ಲೋಟ ಕಾಫಿ ಕುಡಿದರೆ ಕೂಡ ಕೈ ನಡುಗುತ್ತದೆ. ಕಾಫಿ ನಾಡಿನವರಿಗೆ ಈ ಕೊನೆಯದನ್ನು ಹೇಳಿದರೆ ಕೋಪ ಬರುತ್ತದೆ, ಆದರೂ ಹೇಳಿಬಿಡುತ್ತೇನೆ. ಪ್ರತಿ ವರ್ಷ ಹುಟ್ಟುಹಬ್ಬದ ದಿನ ಒಂದು ಹಾಳೆಯ ಮೇಲೆ ಕೈ ಊರದೆ ಸುರುಳಿ ಚಿತ್ರ ಬರೆದು, ತಾರೀಖು ಹಾಕಿ ಇಟ್ಟುಕೊಳ್ಳಿ. ಮೂರು ವರ್ಷದ ಸುರುಳಿಗಳನ್ನು ಪಕ್ಕಪಕ್ಕ ಇಟ್ಟರೆ ನನ್ನ ಪರೀಕ್ಷೆಗಿಂತ ಹೆಚ್ಚು ತಿಳಿಯುತ್ತದೆ.

ನಡುಕಕ್ಕೂ ರಕ್ತದೊತ್ತಡಕ್ಕೂ ಕೊಡುವ ಪ್ರೊಪ್ರನೊಲಾಲ್, ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ಬೀಟಾ ಬ್ಲಾಕರ್ ಗುಳಿಗೆಗಳು ಗುರಿ ಕ್ರೀಡೆಯಲ್ಲಿ ನಿಷೇಧಿತ. ಉತ್ತರ ಕೊರಿಯಾದ ಕಿಮ್ ಜಾಂಗ್ ಸು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಗೆದ್ದ ಎರಡು ಪದಕಗಳನ್ನೂ ಪ್ರೊಪ್ರನೊಲಾಲ್‌ನಿಂದಾಗಿ ಕಳೆದುಕೊಂಡರು. ಹಾಗೆಂದು ಪಂದ್ಯಕ್ಕಾಗಿ ಹೃದಯದ ಗುಳಿಗೆಯನ್ನು ನೀವೇ ನಿಲ್ಲಿಸಿಬಿಡಬೇಡಿ. ಒಮ್ಮೆಲೇ ನಿಲ್ಲಿಸಿದರೆ ಎದೆನೋವು, ಹೃದಯಾಘಾತ ಆಗಬಹುದು. ಅಧಿಕೃತ ಸ್ಪರ್ಧೆಗೆ ಹೋಗುವವರು ಬದಲಿ ಗುಳಿಗೆ ಸಾಧ್ಯವೇ ಎಂದು ತಮ್ಮ ವೈದ್ಯರನ್ನು ಕೇಳಲಿ. ಊರ ಹಬ್ಬದ ಪಂದ್ಯಕ್ಕೆ ಈ ಚಿಂತೆ ಇಲ್ಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಬೆನ್‌ಕ್ಲಮೈಡ್‌ನಂತಹ ಗುಳಿಗೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮೈದಾನಕ್ಕೆ ಹೋಗಲೇಬಾರದು. ಸಕ್ಕರೆ ತಗ್ಗಿದಾಗ ಕೈ ಮಾತ್ರವಲ್ಲ, ಬುದ್ಧಿಯೂ ಮಂಕಾಗುತ್ತದೆ. ಬೆಲ್ಲವೋ ಗ್ಲೂಕೋಸೋ ತಿಂದು ನಡುಕ ಹೋದ ಮೇಲೂ ಬುದ್ಧಿ ಪೂರ್ತಿ ತಿಳಿಯಾಗಲು ಮುಕ್ಕಾಲು ಗಂಟೆಯಾದರೂ ಬೇಕು. ಆ ದಿನ ಕೋವಿ ಬೇಡವೇ ಬೇಡ. ನಿದ್ರೆ ಗುಳಿಗೆ ನುಂಗಿದ ಮರುಬೆಳಿಗ್ಗೆ, ನೆಗಡಿಯ ಮಂಪರು ಗುಳಿಗೆ ನುಂಗಿದ ದಿನ ಕೂಡ ಬೇಡ. ಮದ್ಯದ ಬಗ್ಗೆ ನಾನು ಹೇಳಬೇಕೆ? ಹಬ್ಬದ ಊಟ ಪಂದ್ಯ ಮುಗಿದ ನಂತರ.

ಹನ್ನೆರಡು ಬೋರಿನ ಕೋವಿಯ ಒದೆತ ಇಪ್ಪತ್ತೈದರ ಭುಜಕ್ಕೂ ಎಪ್ಪತ್ತೈದರ ಭುಜಕ್ಕೂ ಒಂದೇ ಅಲ್ಲ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರಿಗೆ ಭುಜವೆಲ್ಲ ನೀಲಿಗಟ್ಟುತ್ತದೆ, ಮೂಳೆ ಸವೆದವರಿಗೆ ಬಿರುಕೂ ಬಿಡಬಹುದು. ಪೇಸ್‌ಮೇಕರ್ ಕೂರಿಸಿದ ಬದಿಯ ಭುಜಕ್ಕೆ ಕೋವಿ ಆನಿಸಲೇಬಾರದು, ಒಳಗಿನ ತಂತಿ ಕೆಡುತ್ತದೆ. ಅದನ್ನು ಸಾಮಾನ್ಯವಾಗಿ ಎಡ ಎದೆಯ ಮೇಲ್ಭಾಗದಲ್ಲಿ ಕೂರಿಸುತ್ತಾರೆ. ಎಡಚರು ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಿದರೆ ಬಲಗಡೆ ಕೂರಿಸಲು ಸಾಧ್ಯ. ಹೃದಯಾಘಾತ, ಪಾರ್ಶ್ವವಾಯು, ಮೂರ್ಛೆ ಇವುಗಳ ನಂತರ ತಜ್ಞರು ಒಪ್ಪುವವರೆಗೆ ವಿರಾಮ. ಮುಚ್ಚಿದ ಕೋಣೆಯ ರೇಂಜಿನಲ್ಲಿ ದಿನವೂ ಅಭ್ಯಾಸ ಮಾಡುವವರಿಗೆ ಸೀಸದ ದೂಳಿನ ತೊಂದರೆಯೂ ಇದೆ, ಅದು ರಕ್ತದೊತ್ತಡವನ್ನು ಏರಿಸಿ ಮೂತ್ರಪಿಂಡವನ್ನು ಕೆಡಿಸುತ್ತದೆ. ತಿನ್ನುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ, ಆ ಬಟ್ಟೆಯಲ್ಲೇ ಮೊಮ್ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಮರೆವು

ಇಲ್ಲಿಯವರೆಗೆ ಹೇಳಿದ್ದಕ್ಕೆಲ್ಲ ಏನಾದರೊಂದು ದಾರಿ ಉಂಟು. ಮರೆವಿನ ಕಾಯಿಲೆಗೆ ಹಾಗಿಲ್ಲ. ಇದನ್ನು ಓದುವಾಗ ಮನೆಯ ಕಿರಿಯರೂ ಜೊತೆಗಿರಲಿ ಎಂದು ನನ್ನ ಆಸೆ.

ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುವುದು, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಕಾಯಿಲೆಯಲ್ಲ. ಹಣೆಯ ಮೇಲೇ ಕನ್ನಡಕ ಇಟ್ಟುಕೊಂಡು ನಾನೂ ಹುಡುಕಿದ್ದುಂಟು. ಆದರೆ ದಿನಾ ಹೋಗುವ ತೋಟದ ದಾರಿ ತಪ್ಪಿದರೆ, ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕೇಳಿದರೆ, ಆಳುಗಳ ಲೆಕ್ಕ ಬಿಡಿಸಲಾಗದಿದ್ದರೆ, ತೀರಿಹೋದ ತಮ್ಮನನ್ನು ಊಟಕ್ಕೆ ಕರೆದರೆ ಅದು ಬೇರೆ. ಇಂತಹ ರೋಗಿಗಳಲ್ಲಿ ಹಲವರಿಗೆ ಸಂಶಯದ ಸ್ವಭಾವ ಬರುತ್ತದೆ: ಹಣ ಕದ್ದರು, ಮನೆಗೆ ಯಾರೋ ನುಗ್ಗಿದರು, ಸೊಸೆ ಊಟದಲ್ಲಿ ಏನೋ ಹಾಕಿದಳು. ಒಂದು ಬಗೆಯ ಮರೆವಿನ ಕಾಯಿಲೆಯಲ್ಲಿ ಇಲ್ಲದ ಮನುಷ್ಯರು, ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಟ್ಟಿದಂತೆ ಕಾಣುತ್ತವೆ. ರಾತ್ರಿ ಬಚ್ಚಲಿಗೆ ಎದ್ದ ಸ್ವಂತ ಮಗನನ್ನೇ ಕಳ್ಳನೆಂದು ತಿಳಿಯುವ ಅಪ್ಪ, ಕೈಗೆಟಕುವಲ್ಲಿ ಕೋವಿ. ಮುಂದಿನದನ್ನು ನಾನು ಬರೆಯಬೇಕಾಗಿಲ್ಲ.

ಇಲ್ಲೊಂದು ಮೋಸವಿದೆ. ಐವತ್ತು ವರ್ಷದ ಅಭ್ಯಾಸ ಕೈಯಲ್ಲಿ ಉಳಿದಿರುತ್ತದೆ. ಮೊಮ್ಮಗನ ಹೆಸರು ಮರೆತ ಅಜ್ಜ ಕೋವಿ ಬಿಚ್ಚಿ, ಒರೆಸಿ, ಜೋಡಿಸಿ, ಗುರಿಯನ್ನೂ ಸರಿಯಾಗಿ ಹೊಡೆಯಬಲ್ಲ. "ನೋಡಿ ಡಾಕ್ಟ್ರೇ, ಕೋವಿ ವಿಷಯದಲ್ಲಿ ಮಾತ್ರ ಅವರು ಪಕ್ಕಾ" ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಕೈಗೆ ಹೊಡೆಯುವುದು ಗೊತ್ತಿದೆ. ಯಾವಾಗ ಹೊಡೆಯಬಾರದು ಎಂಬುದನ್ನು ನಿರ್ಧರಿಸುವ ಭಾಗ ಸೋತಿದೆ. ಸಮಾಧಾನಪಡುವ ಮಾತಲ್ಲ ಇದು.

ಹಾಗಾಗಿ ಮರೆವಿನ ಅನುಮಾನ ಬಂದ ದಿನವೇ ಕೋವಿ, ತೋಟಾ ಎರಡೂ ಬೇರೆ ಬೇರೆ ಬೀಗದೊಳಗೆ, ಬೀಗದ ಕೈ ಮತ್ತೊಬ್ಬರ ಬಳಿ. ಆಮೇಲೆ ಪರೀಕ್ಷೆ. ಏಕೆಂದರೆ ಎಲ್ಲ ಮರೆವೂ ಗುಣವಾಗದ್ದೇ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಕಡಿಮೆಯಾಗುವುದು, ಖಿನ್ನತೆ, ಕೆಲವು ಗುಳಿಗೆಗಳು, ತಲೆಗೆ ಪೆಟ್ಟು ಬಿದ್ದು ವಾರಗಳ ನಂತರ ಕಾಣಿಸಿಕೊಳ್ಳುವ ರಕ್ತಸ್ರಾವ, ಇವನ್ನೆಲ್ಲ ಸರಿಪಡಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಕಡೆ ಕನ್ನಡದಲ್ಲೇ ನೆನಪಿನ ಪರೀಕ್ಷೆ ಮಾಡುತ್ತಾರೆ. ಮರೆವಿನ ಕಾಯಿಲೆ ಎಂದು ಖಚಿತವಾದರೆ ಮಾತ್ರ, ಎಷ್ಟೇ ಆರಂಭದ ಹಂತವಾಗಿರಲಿ, ಕೋವಿ ಅಲ್ಲಿಗೆ ನಿಲ್ಲಬೇಕು. ಈ ಒಂದರಲ್ಲಿ ನಾನು ರಾಜಿಯಾಗುವುದಿಲ್ಲ, ಸರ್ಟಿಫಿಕೇಟಿಗೆ ಸಹಿಯನ್ನೂ ಹಾಕುವುದಿಲ್ಲ.

ಜ್ವರದಲ್ಲಿ, ಮೂತ್ರದ ಸೋಂಕಿನಲ್ಲಿ, ರಕ್ತದ ಸೋಡಿಯಂ ತಗ್ಗಿದಾಗ ವೃದ್ಧರು ಒಂದೆರಡು ದಿನ ಪೂರ್ತಿ ಭ್ರಮೆಗೆ ಬೀಳುವುದುಂಟು. ಚಿಕಿತ್ಸೆಯಿಂದ ಬಹುಮಂದಿ ಮೊದಲಿನಂತಾಗುತ್ತಾರೆ. ಆದರೆ ಆ ಎರಡು ದಿನ ಮಂಚದ ಪಕ್ಕ ಕೋವಿ ಇರಬಾರದು.

ಮನಸ್ಸು ಕುಗ್ಗಿದಾಗ

ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋದ ಮೇಲೆ, ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಗಂಡಸರು ಅಳುವುದಿಲ್ಲ. ನಿದ್ರೆ ಬರುವುದಿಲ್ಲ, ಊಟ ಸೇರುವುದಿಲ್ಲ, ಮೈಯೆಲ್ಲ ನೋವು ಎನ್ನುತ್ತಾರೆ. ತೋಟದ ಕಡೆ ಹೋಗುವುದಿಲ್ಲ, ಹಬ್ಬ ಬೇಡವೆನ್ನುತ್ತಾರೆ. "ನನ್ನದೆಲ್ಲ ಮುಗಿಯಿತು" ಎಂಬ ಮಾತು ಆಗಾಗ ಬರುತ್ತದೆ. ಇದು ವಯಸ್ಸಿನ ಸ್ವಭಾವವಲ್ಲ, ಖಿನ್ನತೆ ಎಂಬ ಕಾಯಿಲೆ. ಎಪ್ಪತ್ತರಲ್ಲೂ ಎಂಬತ್ತರಲ್ಲೂ ಚಿಕಿತ್ಸೆಗೆ ಬಗ್ಗುತ್ತದೆ. ಆದರೆ ಗುಳಿಗೆ ಕೆಲಸ ಮಾಡಲು ಕೆಲವು ವಾರ ಬೇಕು. ಆ ವಾರಗಳಲ್ಲಿ ಮನೆಯ ಕೋವಿ ಬೇರೆ ಮನೆಯಲ್ಲಿರುವುದು ಒಳ್ಳೆಯದು. ಸಾಯುವ ಯೋಚನೆ ಬಹುಪಾಲು ಅಲೆಯಂತೆ ಬಂದು ಹೋಗುವಂಥದ್ದು. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. "ಅಪ್ಪ, ಸಾಯಬೇಕು ಅಂತ ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಲು ಅಂಜಬೇಡಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಇಲ್ಲಿ ಕೋವಿ ಬಿಡುವುದು ಶಾಶ್ವತವಾಗಿ ಆಗಬೇಕೆಂದಿಲ್ಲ. ಮನಸ್ಸು ಸುಧಾರಿಸಿದ ಮೇಲೆ ಗೆಳೆಯರೊಡನೆ ಮತ್ತೆ ಮೈದಾನಕ್ಕೆ ಹೋಗುವುದೇ ಕೆಲವರಿಗೆ ಔಷಧಿಯಾಗುತ್ತದೆ. ಯಾವಾಗ ಎಂಬುದನ್ನು ವೈದ್ಯರು, ಮನೆಯವರು ಕೂಡಿ ತೀರ್ಮಾನಿಸಲಿ.

ಹೇಳುವುದು ಹೇಗೆ, ಬಿಡುವುದು ಹೇಗೆ

ಹಿರಿಯರು ಮಲಗಿದ್ದಾಗ ಕೋವಿ ಎತ್ತಿ ಬಚ್ಚಿಡುವುದು ಅಪಾಯ ಕಣ್ಣೆದುರಿಗೆ ಇದ್ದಾಗ ಮಾತ್ರ ತಕ್ಕ ಕೆಲಸ. ಉಳಿದಂತೆ ಅದು ಅವಮಾನ, ಮತ್ತು ಅದರಿಂದ ಹುಟ್ಟುವ ಜಗಳ ವರ್ಷಗಟ್ಟಲೆ ಉಳಿಯುತ್ತದೆ. ಮಕ್ಕಳ ಮಾತಿಗಿಂತ ಜೊತೆಯಲ್ಲಿ ಗುರಿ ಹೊಡೆದ ಗೆಳೆಯನ ಮಾತಿಗೆ ಬೆಲೆ ಹೆಚ್ಚು. ನನ್ನ ಹೆಸರನ್ನೂ ಬಳಸಿಕೊಳ್ಳಿ. "ಡಾಕ್ಟರು ಬೇಡ ಅಂದರು" ಎಂದು ಸ್ನೇಹಿತರ ಮುಂದೆ ಹೇಳಿಕೊಳ್ಳಲು ಒಂದು ನೆಪವಾಗುತ್ತದೆ. ಬೈಸಿಕೊಳ್ಳುವುದು ನಮ್ಮ ವೃತ್ತಿಯ ಭಾಗವೇ.

ಕಾಯಿಲೆಯ ಕಾರಣವಿಲ್ಲದೆ, ಮೈ ಸೋತದ್ದರಿಂದ ಮಾತ್ರ ಬಿಡಬೇಕಾದವರು ಮೆಟ್ಟಿಲಿಳಿದ ಹಾಗೆ ಬಿಡಬಹುದು. ಹನ್ನೆರಡು ಬೋರಿನಿಂದ ಪಾಯಿಂಟ್ 22ಕ್ಕೆ, ಅದರ ಒದೆತ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿಂದ ಏರ್ ರೈಫಲ್‌ಗೆ. ನಿಂತು ಹೊಡೆಯಲಾಗದವರು ಮೇಜಿನ ಮೇಲೆ ಆನಿಸಿ ಹೊಡೆಯಲಿ. ಹಬ್ಬದ ಪಂದ್ಯದಲ್ಲಿ ತೀರ್ಪುಗಾರರಾಗಿ ಕೂರುವುದು, ಹುಡುಗ ಹುಡುಗಿಯರಿಗೆ ಕೋವಿ ಹಿಡಿಯುವ ಶಿಸ್ತು ಕಲಿಸುವುದು ಇದ್ದೇ ಇದೆ. ಬೇಟೆಯನ್ನು ನೆನೆಸಿಕೊಂಡು ಕೊರಗುವ ಕೆಲವರು ನಮ್ಮಲ್ಲಿ ಇನ್ನೂ ಇದ್ದಾರೆ; 1972ರ ವನ್ಯಜೀವಿ ಕಾಯ್ದೆ ಆ ಪ್ರಶ್ನೆಯನ್ನು ಎಂದೋ ತೀರ್ಮಾನಿಸಿದೆ, ವೈದ್ಯರ ಅಭಿಪ್ರಾಯ ಬೇಕಾಗಿಲ್ಲ.

ಬಿಡುವುದೋ ಬೇಡವೋ ಎಂದು ಹೊಯ್ದಾಡುವವರಿಗೆ ನಾನು ಒಂದು ಪ್ರಯೋಗ ಹೇಳುತ್ತೇನೆ. ಚುನಾವಣೆ ಬಂದಾಗ ಪರವಾನಗಿದಾರರು ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡುವುದುಂಟಲ್ಲ, ಹಾಗೆಯೇ ಎರಡು ತಿಂಗಳು ಕೋವಿಯಿಲ್ಲದೆ ಇದ್ದು ನೋಡಿ. ಮೈದಾನಕ್ಕೆ ಹೋಗಿ, ಕುಳಿತು ನೋಡಿ, ಅಂಕ ಬರೆಯಿರಿ. ಮನಸ್ಸು ಒಪ್ಪಿದರೆ ಮುಂದಿನ ಹೆಜ್ಜೆ ಇಡಬಹುದು.

ಕಾನೂನಿನಲ್ಲಿಯೂ ಇದಕ್ಕೆ ಅವಕಾಶವಿದೆ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೊಡಲು ಸಾಧ್ಯ. ವಾರಸುದಾರರು ಅರ್ಹರಾಗಿರಬೇಕು, ಅಷ್ಟೆ. ಕೊಡಗಿನ ವಿನಾಯಿತಿಯಡಿ ಇರುವ ಕೋವಿಗಳ ವಿಷಯವನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಯಾರಿಗೂ ಬೇಡವಾದರೆ ಠಾಣೆಗೋ ಪರವಾನಗಿ ಹೊಂದಿದ ವ್ಯಾಪಾರಿಗೋ ಒಪ್ಪಿಸಿ ರಸೀತಿ ಪಡೆಯಬೇಕು. ಕಾಗದ ಮಾಡಿಸದೆ ಬರೀ ಬಾಯಿಮಾತಿನಲ್ಲಿ ಮಗನಿಗೆ ಕೊಟ್ಟುಬಿಟ್ಟರೆ ಇಬ್ಬರಿಗೂ ತೊಂದರೆ. ಇದನ್ನೆಲ್ಲ ಮಾಡಲು ಸಹಿ ಹಾಕುವವರ ಬುದ್ಧಿ ಸ್ಥಿಮಿತದಲ್ಲಿರಬೇಕಾದ್ದರಿಂದ, ಮರೆವು ಆರಂಭವಾಗುವ ಮೊದಲೇ, ಆರೋಗ್ಯವಾಗಿರುವಾಗಲೇ ಮಾಡಿಟ್ಟುಕೊಳ್ಳುವುದು ಸುಲಭ. ಅರ್ಜಿಯ ಜೊತೆ ಹೊಸ ಪರವಾನಗಿದಾರರ ಆರೋಗ್ಯ ಪ್ರಮಾಣಪತ್ರವೂ ಬೇಕಾಗುತ್ತದೆ. ಅದಕ್ಕೆ ಬರುವಾಗ ಮಗ ಅಥವಾ ಮಗಳು ಒಬ್ಬರೇ ಬರದೆ ಹಿರಿಯರನ್ನೂ ಕರೆದುಕೊಂಡು ಬನ್ನಿ, ಅವರ ಕಣ್ಣು, ಕಿವಿ, ರಕ್ತದೊತ್ತಡವನ್ನೂ ಅದೇ ದಿನ ನೋಡಿಬಿಡಬಹುದು.